ಹಳೆಯ ಫೋಕ್ಸ್‌ವ್ಯಾಗನ್ ವ್ಯಾನಿನ ಹೀಟರ್‌: ಬಿಸಿ ಗಾಳಿ ಎಲ್ಲಿ ಹುಟ್ಟುತ್ತದೆ, ಎಲ್ಲಿ ಸೋರುತ್ತದೆ

ಹಳೆಯ ಫೋಕ್ಸ್‌ವ್ಯಾಗನ್ ವ್ಯಾನ್ ಇಟ್ಟುಕೊಂಡವರ ಬಾಯಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ: ‘ಇದರ ಹೀಟರ್ ಬರೀ ಹೆಸರಿಗೆ.’ ಚಳಿಗಾಲದಲ್ಲಿ ದಪ್ಪ ಕೋಟು ಹಾಕಿಕೊಂಡೇ ಓಡಿಸಬೇಕು, ಮುಂದಿನ ಗಾಜಿನ ಮಂಜನ್ನು ಬಟ್ಟೆಯಿಂದ ಒರೆಸುತ್ತಾ ಇರಬೇಕು, ಈ ಗಾಡಿಯ ಹಣೆಬರಹವೇ ಅಷ್ಟು ಅಂತ ಎಷ್ಟೋ ಜನ ಒಪ್ಪಿಕೊಂಡುಬಿಟ್ಟಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಇವತ್ತಿನ ಕಾರಿನಷ್ಟು ಬೆಚ್ಚಗೆ ಅದು ಯಾವತ್ತೂ ಇರಲಿಲ್ಲ, ನಿಜ. ಆದರೆ ಎಲ್ಲ ಭಾಗಗಳೂ ಜಾಗದಲ್ಲಿದ್ದು, ಎಲ್ಲೂ ಸೋರದೆ ಇದ್ದರೆ ಕಾಲು ಬೆಚ್ಚಗಾಗುತ್ತದೆ, ಗಾಜು ತಿಳಿಯಾಗುತ್ತದೆ. ಐವತ್ತು ವರ್ಷಗಳಲ್ಲಿ ಒಂದೊಂದೇ ಭಾಗ ತುಕ್ಕು ಹಿಡಿದು, ಹರಿದು, ಕಳೆದುಹೋಗಿ ಹೀಟರ್ ಸತ್ತಿರುತ್ತದೆ. ಹಾಗಾಗಿ ಅದನ್ನು ಸರಿಮಾಡುವ ಕೆಲಸವೆಂದರೆ ಮುಖ್ಯವಾಗಿ ಸೋರಿಕೆ ಹುಡುಕಿ ಮುಚ್ಚುವ ಕೆಲಸ.

ಕಂಪನಿ ‘ಟೈಪ್ 2’ ಅಂತ ಕರೆದ ಈ ವ್ಯಾನ್ 1950ರ ಮಾರ್ಚ್‌ನಲ್ಲಿ ಜರ್ಮನಿಯ ವೋಲ್ಫ್ಸ್‌ಬರ್ಗ್ ಕಾರ್ಖಾನೆಯಲ್ಲಿ ತಯಾರಾಗಲು ಶುರುವಾಯಿತು. 1956ರಲ್ಲಿ ತಯಾರಿಕೆ ಹ್ಯಾನೋವರ್‌ಗೆ ಹೋಯಿತು. ಮುಂದಿನ ಗಾಜು ಎರಡು ತುಂಡಾಗಿದ್ದ ಮಾದರಿ 1967ರವರೆಗೆ ಬಂತು. ಒಂದೇ ಬಾಗಿದ ಗಾಜಿನ ‘ಬೇ ವಿಂಡೋ’ ಮಾದರಿ ಜರ್ಮನಿಯಲ್ಲಿ 1979ರವರೆಗೆ ಬಂತು. ಬ್ರೆಜಿಲ್‌ನಲ್ಲಿ ಈ ವ್ಯಾನ್ ‘ಕೊಂಬಿ’ ಎಂಬ ಹೆಸರಿನಲ್ಲಿ 2013ರವರೆಗೂ ತಯಾರಾಗುತ್ತಿತ್ತು. ಇಲ್ಲಿ ಹೇಳುವುದೆಲ್ಲ ಗಾಳಿಯಿಂದ ತಣಿಯುವ ಎಂಜಿನ್ ಇರುವ ವ್ಯಾನ್‌ಗಳ ಬಗ್ಗೆ. ಹೀಟರ್‌ನ ಕಷ್ಟವೆಲ್ಲ ಶುರುವಾಗುವುದು ಅಲ್ಲಿಂದಲೇ.

ಬಿಸಿ ಬರುವ ದಾರಿ

ಸಾಮಾನ್ಯ ಕಾರಿನಲ್ಲಿ ಎಂಜಿನ್ ಸುತ್ತ ನೀರು ಹರಿಯುತ್ತದೆ. ಆ ಬಿಸಿನೀರಿನ ಒಂದು ಪಾಲು ಡ್ಯಾಶ್‌ಬೋರ್ಡಿನ ಹಿಂದಿರುವ ಚಿಕ್ಕ ರೇಡಿಯೇಟರ್‌ಗೆ ಬರುತ್ತದೆ. ಒಂದು ಫ್ಯಾನ್ ಅದರ ಮೂಲಕ ಗಾಳಿ ಊದುತ್ತದೆ. ಎಂಜಿನ್ ಬಿಸಿಯಾಗಿದ್ದರೆ ಸಾಕು, ಗಾಡಿ ನಿಂತಿದ್ದರೂ ಹೀಟರ್ ಕೆಲಸ ಮಾಡುತ್ತದೆ.

ಈ ವ್ಯಾನಿನಲ್ಲಿ ನೀರೂ ಇಲ್ಲ, ರೇಡಿಯೇಟರೂ ಇಲ್ಲ. ಎಂಜಿನ್ ಇರುವುದು ಗಾಡಿಯ ಹಿಂಬದಿಯಲ್ಲಿ. ಅದರ ಬೆಲ್ಟ್‌ಗೆ ಅಥವಾ ಕ್ರ್ಯಾಂಕ್‌ಶಾಫ್ಟ್‌ಗೆ (ಎಂಜಿನ್ನಿನ ಮುಖ್ಯ ತಿರುಗುವ ಅಕ್ಷಕ್ಕೆ) ಜೋಡಿಸಿದ ದೊಡ್ಡ ಫ್ಯಾನ್ ಗಾಳಿಯನ್ನು ಎಳೆದು, ಪೆಟ್ರೋಲ್ ಉರಿಯುವ ಸಿಲಿಂಡರ್‌ಗಳ ಮೇಲೆ ಊದುತ್ತದೆ. ಎಂಜಿನ್ ತಣಿಯುವುದು ಹೀಗೆ. ಹಳೆಯ ಮಾದರಿಯ ವ್ಯಾನ್‌ಗಳಲ್ಲಿ ಸಿಲಿಂಡರ್ ಸವರಿ ಬಂದ ಈ ಗಾಳಿಯನ್ನೇ ನೇರವಾಗಿ ಒಳಗೆ ಕಳಿಸುತ್ತಿದ್ದರು. ಎಂಜಿನ್ನಿನ ಎಣ್ಣೆ ವಾಸನೆಯೂ ಜೊತೆಗೇ ಬರುತ್ತಿತ್ತು. 1960ರ ದಶಕದ ಮೊದಲ ವರ್ಷಗಳಲ್ಲಿ ಇದು ಬದಲಾಯಿತು. ಫ್ಯಾನಿನ ಗಾಳಿಯಲ್ಲಿ ಒಂದು ಪಾಲನ್ನು ಸಿಲಿಂಡರ್ ಮುಟ್ಟುವ ಮೊದಲೇ ಬೇರೆ ಮಾಡಿ, ಹೀಟರ್‌ಗೆ ಅಂತಲೇ ಕಳಿಸುವ ‘ಫ್ರೆಶ್ ಏರ್’ ವ್ಯವಸ್ಥೆ ಬಂತು. ಇವತ್ತು ಓಡುತ್ತಿರುವ ಬಹಳಷ್ಟು ವ್ಯಾನ್‌ಗಳಲ್ಲಿ ಇರುವುದು ಇದೇ.

ಫ್ಯಾನಿನ ತಗಡಿನ ಕವಚದಿಂದ ಎರಡು ಬಾಯಿಗಳು ಹೊರಬರುತ್ತವೆ. ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ. ಅಲ್ಲಿಂದ ಬಾಗುವ ಹೋಸ್‌ಗಳ ಮೂಲಕ ಗಾಳಿ ಎಂಜಿನ್ ಕೆಳಗಿರುವ ಎರಡು ಹೀಟ್ ಎಕ್ಸ್‌ಚೇಂಜರ್‌ಗಳಿಗೆ ಇಳಿಯುತ್ತದೆ. ಕೆಲಸ ಮಾಡುವವರು ಇವನ್ನು ಹೀಟರ್ ಬಾಕ್ಸ್ ಅನ್ನುತ್ತಾರೆ. ಹೊರಗಿನಿಂದ ನೋಡಿದರೆ ಇದು ತಗಡಿನ ಉದ್ದನೆಯ ಡಬ್ಬ. ಒಳಗೆ ನಡುವಿನಲ್ಲಿ ಎಂಜಿನ್ನಿನ ಹೊಗೆ ಹೋಗುವ ಪೈಪ್. ಆ ಪೈಪಿನ ಸುತ್ತ ಅಲ್ಯೂಮಿನಿಯಂ ಫಿನ್‌ಗಳು, ಅಂದರೆ ತೆಳುವಾದ ಹಾಳೆಗಳು, ಒತ್ತೊತ್ತಾಗಿ ನಿಂತಿರುತ್ತವೆ. ಪೈಪ್ ಒಳಗೆ ಸುಡುವ ಹೊಗೆ, ಹೊರಗೆ ಫಿನ್‌ಗಳ ನಡುವೆ ನುಸುಳುವ ಶುದ್ಧ ಗಾಳಿ. ಎರಡರ ನಡುವೆ ಇರುವುದು ಒಂದು ಪೈಪಿನ ಗೋಡೆ ಅಷ್ಟೆ.

ಕಾದ ಗಾಳಿ ಡಬ್ಬದ ಮುಂದಿನ ತುದಿಯಲ್ಲಿ ಒಂದು ಫ್ಲಾಪ್ (ಪುಟ್ಟ ತಗಡಿನ ಬಾಗಿಲು) ದಾಟಬೇಕು. ಹೀಟರ್ ಬೇಕೆಂದರೆ ಫ್ಲಾಪ್ ಒಳಗಿನ ದಾರಿ ತೆರೆಯುತ್ತದೆ, ಬೇಡವೆಂದರೆ ಗಾಳಿಯನ್ನು ಗಾಡಿಯ ಕೆಳಗೆ ಹೊರಕ್ಕೆ ಬಿಡುತ್ತದೆ. ಆಮೇಲೆ ಎರಡೂ ಕಡೆಯ ಗಾಳಿ ಸೇರಿ, ನೆಲದ ಕೆಳಗೆ ಸಾಗುವ ಒಂದು ಉದ್ದನೆಯ ಪೈಪಿನಲ್ಲಿ ಮುಂದಕ್ಕೆ ಹೋಗುತ್ತದೆ. ಅಲ್ಲಿಂದ ಚಾಲಕನ ಕಾಲ ಬಳಿಗೂ ಮುಂದಿನ ಗಾಜಿಗೂ ಹಂಚಿಕೆ.

ವ್ಯಾನಿನ ಉದ್ದ ನಾಲ್ಕು ಮೀಟರ್‌ಗಿಂತ ಜಾಸ್ತಿ. ಬಿಸಿ ಹುಟ್ಟುವುದು ಹಿಂದಿನ ತುದಿಯಲ್ಲಿ, ಬೇಕಿರುವುದು ಮುಂದಿನ ತುದಿಯಲ್ಲಿ. ನಡುವಿನ ದಾರಿಯೆಲ್ಲ ನೆಲದ ಕೆಳಗೆ, ರಸ್ತೆಯ ತಣ್ಣನೆಯ ಗಾಳಿ ಮತ್ತು ನೀರಿಗೆ ಮೈಯೊಡ್ಡಿಕೊಂಡು. ಇದಕ್ಕೆ ಇನ್ನೆರಡು ಸಂಗತಿ ಸೇರಿಸಿಕೊಳ್ಳಿ. ಫ್ಯಾನ್ ತಿರುಗುವುದು ಎಂಜಿನ್ ವೇಗದಲ್ಲಿ, ಆದ್ದರಿಂದ ಸಿಗ್ನಲ್‌ನಲ್ಲಿ ನಿಂತಾಗ ಬರುವ ಗಾಳಿ ತೀರಾ ಕಡಿಮೆ. ಜೊತೆಗೆ, ಬೀಟಲ್ ಕಾರಿನಲ್ಲೂ ಇದ್ದ ‘ಟೈಪ್ 1’ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರ್‌ಗಳ ಪೈಕಿ ಎರಡರ ಹೊಗೆ ಮಾತ್ರ ಹೀಟರ್ ಬಾಕ್ಸ್ ಮೂಲಕ ಹೋಗುತ್ತದೆ. ಗಾಡಿಯ ಮುಂಭಾಗದ ಕಡೆ ಇರುವ 1 ಮತ್ತು 3ನೇ ಸಿಲಿಂಡರ್‌ಗಳವು ಅವು. ಉಳಿದೆರಡರ ಹೊಗೆ ನೇರವಾಗಿ ಸೈಲೆನ್ಸರ್‌ಗೆ. 1970ರ ದಶಕದ ವ್ಯಾನ್‌ಗಳಿಗೆ ಬಂದ ದೊಡ್ಡ ‘ಟೈಪ್ 4’ ಎಂಜಿನ್ನಿನಲ್ಲಿ ನಾಲ್ಕೂ ಸಿಲಿಂಡರ್‌ಗಳ ಹೊಗೆ ಬಾಕ್ಸ್‌ಗಳ ಮೂಲಕವೇ ಹೋಗುತ್ತದೆ. ಆ ವ್ಯಾನ್‌ಗಳು ಒಂದಿಷ್ಟು ಜಾಸ್ತಿ ಬೆಚ್ಚಗಿರುವುದು ಇದರಿಂದಲೇ.

ಹಾಗಂತ ಬಿಸಿಗೆ ಬರ ಇಲ್ಲ. ಪೆಟ್ರೋಲ್ ಎಂಜಿನ್ ತಾನು ಸುಡುವ ಇಂಧನದ ಶಕ್ತಿಯಲ್ಲಿ ಚಕ್ರ ತಿರುಗಿಸಲು ಬಳಸುವುದು ಸುಮಾರು ಕಾಲು ಭಾಗದಷ್ಟು. ಉಳಿದದ್ದೆಲ್ಲ ಬಿಸಿಯಾಗಿ ಹೊರಗೆ ಹೋಗುತ್ತದೆ. ಅದರಲ್ಲಿ ಒಂದು ಸಣ್ಣ ಪಾಲು ಮುಂದಿನ ಸೀಟಿನವರೆಗೆ ತಲುಪಿದರೆ ಸಾಕು.

ಬಿಸಿಗಿಂತ ಮೊದಲು ಉಸಿರಿನ ಮಾತು

ಹೀಟರ್ ಬಾಕ್ಸಿನ ಒಳಗಿನ ಪೈಪ್ ತೂತಾದರೆ ಏನಾಗುತ್ತದೆ ಅಂತ ಈಗ ನಿಮಗೇ ಹೊಳೆದಿರುತ್ತದೆ. ಎಂಜಿನ್ನಿನ ಹೊಗೆ ಶುದ್ಧ ಗಾಳಿಯ ಜೊತೆ ಬೆರೆತು ನೇರವಾಗಿ ಒಳಗೆ ಬರುತ್ತದೆ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಈ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಳ್ಳುವುದಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಗಾಳಿಯಲ್ಲಿ ಸ್ವಲ್ಪವೇ ಇದ್ದರೂ ದೇಹದಲ್ಲಿ ಸೇರುತ್ತಾ ಹೋಗುತ್ತದೆ. ಮೊದಲು ತಲೆನೋವು, ವಾಕರಿಕೆ, ಮಂಪರು. ‘ದೂರ ಓಡಿಸಿ ಸುಸ್ತಾಯಿತು’ ಅಂದುಕೊಳ್ಳುವಂಥದ್ದೇ ಲಕ್ಷಣಗಳು. ಅಪಾಯ ಇರುವುದು ಅಲ್ಲೇ.

ಆದ್ದರಿಂದ ಮೊದಲ ಕೆಲಸ, ಒಂದು ಒಳ್ಳೆಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ತಂದು ಹಾಕುವುದು. ವ್ಯಾನ್ ಮತ್ತು ದೋಣಿಗಳ ಒಳಗೆ ಬಳಸುವ ಅಲಾರಂಗಳಿಗೆ ಯುರೋಪಿನಲ್ಲಿ ಇಎನ್ 50291-2 ಎಂಬ ಪ್ರತ್ಯೇಕ ಮಾನದಂಡ ಇದೆ. ಆ ಗುರುತು ಇರುವುದನ್ನೇ ತೆಗೆದುಕೊಳ್ಳಿ. ಹೀಟರ್ ರಿಪೇರಿ ಮುಗಿದ ಮೇಲೆ ಹಾಕಿದರಾಯಿತು ಅನ್ನಬೇಡಿ. ರಿಪೇರಿಗೆ ಮೊದಲೂ ಅದು ಅಲ್ಲಿರಬೇಕು.

ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ಹೀಟರ್ ಬಾಕ್ಸ್ ಹೊಚ್ಚ ಹೊಸದಾಗಿದ್ದರೂ ಹೊಗೆ ಒಳಗೆ ಬರಬಹುದು. ಹೇಗೆ ಅಂತೀರಾ? ಎಂಜಿನ್ ಇರುವ ಜಾಗವನ್ನು ತಗಡುಗಳು ಮತ್ತು ಅಂಚಿನ ಸುತ್ತ ಇರುವ ಒಂದು ರಬ್ಬರ್ ಪಟ್ಟಿ ಸೇರಿ ಎರಡು ಭಾಗ ಮಾಡಿರುತ್ತವೆ. ಮೇಲೆ ತಣ್ಣನೆಯ, ಶುದ್ಧ ಗಾಳಿ. ಕೆಳಗೆ ಸೈಲೆನ್ಸರ್, ಹೊಗೆ ಪೈಪ್, ಬಿಸಿ ಗಾಳಿ. ಫ್ಯಾನ್ ಗಾಳಿ ಸೆಳೆಯುವುದು ಮೇಲಿನ ಭಾಗದಿಂದ. ರಬ್ಬರ್ ಹರಿದಿದ್ದರೆ ಅಥವಾ ಒಂದು ತಗಡು ಇಲ್ಲದಿದ್ದರೆ ಕೆಳಗಿನ ಗಾಳಿ ಮೇಲಕ್ಕೆ ಬರುತ್ತದೆ. ಸೈಲೆನ್ಸರ್ ಜಾಯಿಂಟ್‌ನಲ್ಲಿ ಸಣ್ಣ ಸೋರಿಕೆ ಇದ್ದರೂ ಸಾಕು, ಫ್ಯಾನ್ ಆ ಹೊಗೆಯನ್ನು ಎಳೆದು ಹೀಟರ್ ದಾರಿಯಲ್ಲೇ ಒಳಗೆ ಕಳಿಸುತ್ತದೆ. ಜೊತೆಗೆ ಬಿಸಿ ಗಾಳಿಯನ್ನೇ ಮತ್ತೆ ಕುಡಿದ ಎಂಜಿನ್ ಮಿತಿ ಮೀರಿ ಕಾಯುತ್ತದೆ. ಒಂದು ರಬ್ಬರ್ ಪಟ್ಟಿಯನ್ನು ಸರಿಯಾಗಿ ಹಾಕಿದರೆ ಎಂಜಿನ್ನೂ ಉಳಿಯುತ್ತದೆ, ಕೂತವರೂ ಉಳಿಯುತ್ತಾರೆ.

ಹಿಂದಿನ ಬಾಗಿಲಿನ ರಬ್ಬರನ್ನೂ ನೋಡಿ. ಡಬ್ಬದ ಆಕಾರದ ಗಾಡಿ ಓಡುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಸುಳಿ ಏಳುತ್ತದೆ. ಸೈಲೆನ್ಸರ್ ಹೊಗೆ ಆ ಸುಳಿಯಲ್ಲಿ ಸುತ್ತುತ್ತಾ ಇರುತ್ತದೆ. ಸಂದು ಸಿಕ್ಕರೆ ಒಳಗೆ.

ವಾಸನೆ ಬಂದರೆ ಅದೂ ಒಂದು ಸುಳಿವೇ. ಹೀಟರ್ ಹಾಕಿದ ಕೂಡಲೇ ಸುಟ್ಟ ಎಣ್ಣೆ ವಾಸನೆ ಬಂದರೆ ಹೀಟರ್ ಬಾಕ್ಸನ್ನು ಬೈಯುವ ಮೊದಲು ಅದರ ಮೇಲೆ ನೋಡಿ. ವಾಲ್ವ್ ತೆರೆಯುವ ಕಡ್ಡಿಗಳು ಓಡಾಡುವ ಪುಶ್‌ರಾಡ್ ಟ್ಯೂಬ್‌ಗಳು ಸಿಲಿಂಡರ್‌ಗಳ ಕೆಳಗೆ, ಹೀಟರ್ ಬಾಕ್ಸ್‌ಗಳಿಗೆ ನೇರ ಮೇಲೆ ಇರುತ್ತವೆ. ಅವುಗಳ ತುದಿಯ ಸೀಲ್ ವಯಸ್ಸಾದಂತೆ ಗಟ್ಟಿಯಾಗಿ ಎಣ್ಣೆ ಬಿಡುತ್ತದೆ. ವಾಲ್ವ್ ಕವರ್‌ನ ಸಂದು ಮುಚ್ಚುವ ಗ್ಯಾಸ್ಕೆಟ್ ಕೂಡ ಹಾಗೆಯೇ. ಹನಿ ಹನಿ ಎಣ್ಣೆ ಕಾದ ಬಾಕ್ಸಿನ ಮೇಲೆ ಬಿದ್ದು ಹೊಗೆಯಾಗುತ್ತದೆ. ಈ ಸೀಲ್‌ಗಳನ್ನು ಸರಿಮಾಡದೆ ಹೊಸ ಬಾಕ್ಸ್ ಹಾಕಿದರೆ ಅದೇ ವಾಸನೆ ಮತ್ತೆ ಬರುತ್ತದೆ.

ಹೀಟರ್ ಬಾಕ್ಸ್ ಬಿಚ್ಚುವಾಗ

ಇಡೀ ಕೆಲಸದಲ್ಲಿ ಅತಿ ಹೆಚ್ಚು ತಾಳ್ಮೆ ಬೇಡುವುದು ಇದು. ಬಾಕ್ಸ್ ಸಿಲಿಂಡರ್ ಹೆಡ್‌ಗೆ (ಸಿಲಿಂಡರ್‌ನ ತುದಿ ಮುಚ್ಚುವ ಭಾಗಕ್ಕೆ) 8 ಮಿ.ಮೀ. ಸ್ಟಡ್‌ಗಳಲ್ಲಿ, ಅಂದರೆ ತಲೆಯಿಲ್ಲದ ಬೋಲ್ಟ್‌ಗಳಲ್ಲಿ, ನಿಂತಿರುತ್ತದೆ. ಹೆಡ್ ಅಲ್ಯೂಮಿನಿಯಂ, ಸ್ಟಡ್ ಉಕ್ಕು. ವರ್ಷಗಟ್ಟಲೆ ಕಾದು, ತಣಿದು, ರಸ್ತೆಯ ನೀರು ಕುಡಿದು ನಟ್ ಮತ್ತು ಸ್ಟಡ್ ಒಂದಾಗಿಬಿಟ್ಟಿರುತ್ತವೆ. ಅವಸರಪಟ್ಟು ಉದ್ದನೆಯ ಹಿಡಿಕೆ ಹಾಕಿ ಎಳೆದರೆ ಸ್ಟಡ್ ಮುರಿದು ಕೈಗೆ ಬರುತ್ತದೆ. ಅರ್ಧ ದಿನದ ಕೆಲಸ ವಾರದ ಕೆಲಸವಾಗುತ್ತದೆ.

ಮೊದಲು ತಂತಿ ಬ್ರಷ್‌ನಿಂದ ಸ್ಟಡ್‌ನ ಹೊರಬಂದ ಎಳೆಗಳನ್ನು (ತಿರುಪಿನ ಗೆರೆಗಳನ್ನು) ಉಜ್ಜಿ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಇನ್ನೊಮ್ಮೆ ಹಾಕಿ. ಸಡಿಲಿಸುವ ಮೊದಲು ನಟ್ಟನ್ನು ಒಂದು ಕೂದಲೆಳೆಯಷ್ಟು ಬಿಗಿಯುವ ಕಡೆಗೆ ತಳ್ಳಿ ನೋಡಿ. ತುಕ್ಕಿನ ಪದರ ಒಡೆದರೆ ‘ಚಟ್’ ಅನ್ನುವುದು ಕೈಗೆ ಗೊತ್ತಾಗುತ್ತದೆ. ಆಮೇಲೆ ಕಾಲು ಸುತ್ತು ಹಿಂದಕ್ಕೆ, ಸ್ವಲ್ಪ ಮುಂದಕ್ಕೆ, ಮತ್ತೆ ಹಿಂದಕ್ಕೆ. ಹೀಗೂ ಬರದಿದ್ದರೆ ನಟ್ಟಿಗೆ ಮಾತ್ರ ಬಿಸಿ ಕೊಡಬೇಕು. ಆದರೆ ಅದಕ್ಕೆ ಮೊದಲು ಹಾಕಿದ ಎಣ್ಣೆ ಒರೆಸಿರಬೇಕು, ಅಕ್ಕಪಕ್ಕದಲ್ಲಿ ಪೆಟ್ರೋಲ್ ಸೋರಿಕೆ ಇಲ್ಲ ಅಂತ ಖಾತ್ರಿ ಇರಬೇಕು, ಬೆಂಕಿ ಆರಿಸುವ ಸಾಧನ ಕೈಗೆಟುಕುವಂತಿರಬೇಕು. ಮೂಲೆ ಸವೆದು ದುಂಡಗಾದ ನಟ್ಟಾದರೆ ಸುಮ್ನೆ ಸ್ಪ್ಯಾನರ್ ಜಾರಿಸುತ್ತಾ ಕೂರಬೇಡಿ. ನಟ್ಟನ್ನು ಸೀಳಿ ತೆಗೆಯುವುದೇ ವಾಸಿ. ನಟ್ ಹೋದರೆ ಹೊಸದು ಸಿಗುತ್ತದೆ, ಹೆಡ್‌ನ ಎಳೆ ಹೋದರೆ ಬಹಳ ದುಬಾರಿ.

ಹಳೆಯ ಗ್ಯಾಸ್ಕೆಟ್ ಮತ್ತು ಹಳೆಯ ಶಾಖ ನಿರೋಧಕ ಪಟ್ಟಿಗಳಲ್ಲಿ, ಉಸಿರಿನಲ್ಲಿ ಹೋದರೆ ಶ್ವಾಸಕೋಶಕ್ಕೆ ಹಾನಿ ಮಾಡುವ ಆಸ್ಬೆಸ್ಟಾಸ್ ನಾರು ಇರುವ ಸಾಧ್ಯತೆ ಇದೆ. ಆ ಕಾಲದ ಗಾಡಿಗಳಲ್ಲಿ ಅದು ಮಾಮೂಲು. ಒಣಗಿದ್ದಾಗ ಕೆರೆಯಬೇಡಿ, ಗಾಳಿ ಹೊಡೆದು ಧೂಳೆಬ್ಬಿಸಬೇಡಿ. ಒದ್ದೆ ಮಾಡಿ, ಸರಿಯಾದ ಮಾಸ್ಕ್ ಹಾಕಿ ತೆಗೆಯಿರಿ.

ಬಾಕ್ಸ್ ಕೈಗೆ ಬಂದ ಮೇಲೆ ನಿಜವಾದ ಪರೀಕ್ಷೆ. ಹೊರಗಿನ ತಗಡಿನ ಮೇಲೆ ಕೆಂಪು ತುಕ್ಕು ಇದ್ದರೆ ಗಾಬರಿ ಬೇಡ. ಅದು ಪದರದಂತೆ ಏಳುತ್ತಿದೆಯಾ, ಸ್ಕ್ರೂಡ್ರೈವರ್ ಮೊನೆಯಿಂದ ಮೆಲ್ಲಗೆ ಒತ್ತಿದರೆ ಒಳಗೆ ಹೋಗುತ್ತದೆಯಾ ನೋಡಿ. ಹೊರ ತಗಡು ತೂತಾಗಿದ್ದರೆ ಬಿಸಿ ನಷ್ಟ. ಅದನ್ನು ಬೆಸುಗೆ ಹಾಕಬಹುದು. ಒಳಗಿನ ಪೈಪ್ ವಿಚಾರ ಬೇರೆ. ಕತ್ತಲೆಯಲ್ಲಿ ಪೈಪ್ ಒಳಗೆ ಟಾರ್ಚ್ ಬಿಟ್ಟು, ಗಾಳಿ ಬರುವ ಬಾಯಿಯಿಂದ ಫಿನ್‌ಗಳ ನಡುವೆ ಇಣುಕಿ. ಒಂದು ಚುಕ್ಕಿ ಬೆಳಕು ಕಂಡರೂ ಆ ಬಾಕ್ಸ್ ಮುಗಿಯಿತು. ಬೆಳಕು ಕಾಣದಿದ್ದರೆ ಪೈಪಿನ ಒಂದು ತುದಿಯನ್ನು ಗಟ್ಟಿಯಾಗಿ ಮುಚ್ಚಿ, ನೀರು ತುಂಬಿ, ಸ್ವಲ್ಪ ಹೊತ್ತು ನಿಲ್ಲಿಸಿ. ಹೊರ ಡಬ್ಬದ ಬಾಯಿಯಲ್ಲಿ ತೇವ ಕಂಡರೆ ಸೋರಿಕೆ ಇದೆ ಎಂದೇ ಅರ್ಥ. ಫ್ಲೇಂಜ್ (ಹೆಡ್‌ಗೆ ಕೂರುವ ಚಪ್ಪಟೆ ಅಂಚು) ಮತ್ತು ಪೈಪ್ ಸೇರುವ ಬೆಸುಗೆಯ ಸುತ್ತ ಜಾಸ್ತಿ ಗಮನ ಕೊಡಿ.

ಒಳಗಿನ ಪೈಪಿಗೆ ತೇಪೆ ಹಾಕುವ ಪೇಸ್ಟ್, ಪಟ್ಟಿ ಇತ್ಯಾದಿ ಸಿಗುತ್ತವೆ. ಸೈಲೆನ್ಸರ್‌ಗೆ ಬೇಕಾದರೆ ಬಳಸಿ. ನಾವು ಉಸಿರಾಡುವ ಗಾಳಿಯ ದಾರಿಯಲ್ಲಿ ಇವಕ್ಕೆ ಜಾಗ ಇಲ್ಲ.

ಹೊಸ ಬಾಕ್ಸ್ ಕೊಳ್ಳುವಾಗ ಒಂದು ಎಚ್ಚರಿಕೆ. ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತವೆ. ಆದರೆ ಅಗ್ಗದ ನಕಲುಗಳಲ್ಲಿ ಒಳಗೆ ಫಿನ್‌ಗಳು ಬಹಳ ಕಡಿಮೆ, ಕೆಲವದರಲ್ಲಿ ಬರೀ ಪೈಪ್. ಗಾಳಿ ಅದರ ಪಕ್ಕದಿಂದ ಹಾಯ್ದು ಹೋಗುತ್ತದೆ, ಬಿಸಿ ಹಿಡಿಯುವುದೇ ಇಲ್ಲ. ಗಾಳಿಯ ಬಾಯಿಯಿಂದ ಒಳಗೆ ನೋಡಿ, ಕೈಯಲ್ಲಿ ಎತ್ತಿ ತೂಕ ನೋಡಿ. ಹಳೆಯ ಮೂಲ ಬಾಕ್ಸ್ ಗಟ್ಟಿಯಾಗಿದ್ದರೆ, ನನ್ನ ಮಟ್ಟಿಗೆ, ಹೊಸ ನಕಲಿಗಿಂತ ಅದನ್ನು ಶುಚಿ ಮಾಡಿ ಮತ್ತೆ ಹಾಕುವುದೇ ಮೇಲು.

ಜೋಡಿಸುವಾಗ ಹೊಸ ಗ್ಯಾಸ್ಕೆಟ್, ತಾಮ್ರ ಲೇಪದ ಹೊಸ ನಟ್, ನಟ್ ಮತ್ತೆ ಅಂಟಿಕೊಳ್ಳದಂತೆ ಎಳೆಗಳಿಗೆ ಶಾಖ ತಡೆಯುವ ಆ್ಯಂಟಿ ಸೀಜ್ ಪೇಸ್ಟ್. ಬಿಗಿತ ಸುಮಾರು 20 ನ್ಯೂಟನ್ ಮೀಟರ್. ಅಲ್ಯೂಮಿನಿಯಂ ಹೆಡ್‌ಗೆ ಇದಕ್ಕಿಂತ ಜಾಸ್ತಿ ಬಲ ಬೇಡ.

ಫ್ಲಾಪ್ ಮತ್ತು ಕೇಬಲ್

ಚಾಲಕನ ಬಳಿ ಇರುವ ಲಿವರ್ ಅಥವಾ ತಿರುಗಿಸುವ ಗುಬುಟಿನಿಂದ ಹಿಂದಿನ ಫ್ಲಾಪ್‌ವರೆಗೆ ಉದ್ದನೆಯ ಕೇಬಲ್‌ಗಳು ಗಾಡಿಯ ಕೆಳಗೆ ಕೊಳವೆಯೊಳಗೆ ಸಾಗುತ್ತವೆ. ‘ಹೀಟರ್ ಕೆಟ್ಟಿದೆ’ ಅಂತ ಬರುವ ವ್ಯಾನ್‌ಗಳಲ್ಲಿ ಬಿಸಿ ಗಾಳಿ ಚೆನ್ನಾಗಿಯೇ ಹುಟ್ಟುತ್ತಿದ್ದು, ಫ್ಲಾಪ್ ತೆರೆಯದೆ ಎಲ್ಲವೂ ರಸ್ತೆಗೆ ಹೋಗುತ್ತಿರುವುದು ಅಪರೂಪವೇನಲ್ಲ. ಬಾಕ್ಸ್ ಬಿಚ್ಚುವ ಸಾಹಸಕ್ಕೆ ಮೊದಲು ಇದನ್ನು ನೋಡಿಕೊಳ್ಳಿ.

ಒಬ್ಬರು ಮುಂದೆ ಕೂತು ಲಿವರ್ ಆಡಿಸಲಿ, ಇನ್ನೊಬ್ಬರು ಹಿಂದೆ ಕೆಳಗೆ ಇಣುಕಲಿ. ಎಂಜಿನ್ ಬಂದ್ ಆಗಿ ತಣ್ಣಗಿರಬೇಕು. ಲಿವರ್ ಪೂರ್ತಿ ಎಳೆದಾಗ ಫ್ಲಾಪಿನ ತೋಳು ಕೊನೆಯವರೆಗೆ ಹೋಗಬೇಕು, ಬಿಟ್ಟಾಗ ಪೂರ್ತಿ ಮರಳಬೇಕು. ಅರ್ಧಕ್ಕೆ ನಿಂತರೆ ಅರ್ಧ ಬಿಸಿ ಹೊರಗೆ ಸೋರುತ್ತದೆ. ಫ್ಲಾಪಿನ ಅಕ್ಷ ತುಕ್ಕಿನಿಂದ ಸಿಕ್ಕಿಕೊಂಡಿದ್ದರೆ ಎಣ್ಣೆ ಹಾಕಿ, ತೋಳನ್ನು ಕೈಯಿಂದಲೇ ಹಿಂದೆ ಮುಂದೆ ಆಡಿಸುತ್ತಾ ಬಿಡಿಸಿ. ಕೇಬಲ್ ಎಳೆದು ಬಿಡಿಸಲು ಹೋದರೆ ಕೇಬಲ್ಲೇ ಹರಿಯುತ್ತದೆ.

ಹೊಸ ಕೇಬಲ್ ಹಾಕುವಾಗ ಕೊಳವೆಯನ್ನು ಮೊದಲು ಶುಚಿ ಮಾಡಿ. ಒಳಗೆ ಮಣ್ಣು, ತುಕ್ಕಿನ ಪುಡಿ ಗಟ್ಟಿಕೊಂಡಿರುತ್ತದೆ. ಕೇಬಲ್‌ಗೆ ಉದ್ದಕ್ಕೂ ಗ್ರೀಸ್ ಸವರಿ ತೂರಿಸಿ, ಕೊಳವೆಯ ತುದಿಗೆ ರಬ್ಬರ್ ಟೊಪ್ಪಿ ಹಾಕಿ. ಆ ಟೊಪ್ಪಿ ಇಲ್ಲದಿದ್ದರೆ ನೀರು ಹೋಗಿ ಮತ್ತೆ ಅದೇ ಕಥೆ.

ಹೋಸ್, ತಗಡು, ಉದ್ದನೆಯ ಪೈಪ್

ಫ್ಯಾನ್ ಕವಚದಿಂದ ಬಾಕ್ಸ್‌ಗೆ ಬರುವ ಹೋಸ್‌ಗಳು ಹರಿದಿದ್ದರೆ ಎರಡು ಕಡೆ ನಷ್ಟ. ಹೀಟರ್‌ಗೆ ಗಾಳಿ ಸಿಗುವುದಿಲ್ಲ. ಸಿಲಿಂಡರ್‌ಗೆ ಹೋಗಬೇಕಾದ ಗಾಳಿಯೂ ಆ ತೆರೆದ ಬಾಯಿಯಿಂದ ಸುಮ್ಮನೆ ಎಂಜಿನ್ ಕೋಣೆಗೆ ಚೆಲ್ಲಿಹೋಗುತ್ತದೆ. ಹೀಟರ್ ಬೇಡವೆಂದು ಬಾಕ್ಸ್ ತೆಗೆದು ಬರೀ ಹೊಗೆ ಪೈಪ್ ಹಾಕಿಕೊಂಡವರು ಈ ಎರಡು ಬಾಯಿಗಳನ್ನು ಭದ್ರವಾಗಿ ಮುಚ್ಚಲೇಬೇಕು. ಮುಚ್ಚದಿದ್ದರೆ ಎಂಜಿನ್ ಕಾಯುತ್ತದೆ. ಹೊಸ ಹೋಸ್ ಕೊಳ್ಳುವ ಮೊದಲು ಬಾಯಿಯ ಅಳತೆ ತೆಗೆದುಕೊಳ್ಳಿ, ವರ್ಷದಿಂದ ವರ್ಷಕ್ಕೆ ಅದು ಬದಲಾಗಿದೆ. ಕಾಗದ ಮತ್ತು ಅಲ್ಯೂಮಿನಿಯಂ ಹಾಳೆಯ ಹೋಸ್ ಮೂಲ ರೂಪಕ್ಕೆ ಹತ್ತಿರ, ಆದರೆ ನೀರು ಬಿದ್ದರೆ ಬೇಗ ಮೆತ್ತಗಾಗುತ್ತದೆ. ಶಾಖ ತಡೆಯುವ ಸಿಲಿಕೋನ್ ಹೋಸ್ ಜಾಸ್ತಿ ಬಾಳುತ್ತದೆ. ನಾನಾದರೆ ಅದನ್ನೇ ಹಾಕುತ್ತೇನೆ, ನೋಟ ಸ್ವಲ್ಪ ಬೇರೆಯಾದರೂ.

ಎಂಜಿನ್ನಿನ ಥರ್ಮೋಸ್ಟಾಟ್ ಕೂಡ ಹೀಟರ್‌ಗೆ ಸಂಬಂಧಪಟ್ಟದ್ದೇ. ಟೈಪ್ 1 ಎಂಜಿನ್ನಿನ ಅಡಿಯಲ್ಲಿ ಪುಟ್ಟ ತಿದಿಯಂಥ ಭಾಗ ಒಂದಿದೆ. ತಣ್ಣಗಿದ್ದಾಗ ಕುಗ್ಗಿ ಫ್ಯಾನ್ ಕವಚದೊಳಗಿನ ಫ್ಲಾಪ್‌ಗಳನ್ನು ಮುಚ್ಚಿಡುತ್ತದೆ. ಸುಮಾರು 65ರಿಂದ 70 ಡಿಗ್ರಿ ಸೆಲ್ಸಿಯಸ್‌ಗೆ ಹಿಗ್ಗಿ ಅವನ್ನು ತೆರೆಯುತ್ತದೆ. ಚಳಿಯಲ್ಲಿ ಎಂಜಿನ್ ಬೇಗ ಬಿಸಿಯೇರಲಿ ಅನ್ನುವುದಕ್ಕೆ ಈ ಏರ್ಪಾಡು. ಹಳೆಯ ಎಂಜಿನ್‌ಗಳಲ್ಲಿ ಯಾರೋ ಇದನ್ನು ಬೇಡವೆಂದು ಕಿತ್ತು ಎಸೆದಿರುತ್ತಾರೆ. ಆಗ ಎಂಜಿನ್ ನಿಧಾನವಾಗಿ ಬಿಸಿಯಾಗುತ್ತದೆ, ಹೀಟರ್ ಇನ್ನೂ ನಿಧಾನ. ಸಿಕ್ಕರೆ ಮರಳಿ ಹಾಕಿ.

ಇನ್ನು ನೆಲದ ಕೆಳಗಿನ ಉದ್ದನೆಯ ಪೈಪ್. ಬಿಸಿ ಅತಿ ಹೆಚ್ಚು ಕಳೆದುಹೋಗುವುದು ಇಲ್ಲಿ. ಮೂಲದಲ್ಲಿ ಇದಕ್ಕೆ ಶಾಖ ನಿರೋಧಕ ಹೊದಿಕೆ ಇತ್ತು. ಈಗ ಅದು ಅಲ್ಲಲ್ಲಿ ಕೊಳೆತು ಜೋತಾಡುತ್ತಿರುತ್ತದೆ, ಅಥವಾ ಪೂರ್ತಿ ಮಾಯವಾಗಿರುತ್ತದೆ. ಹೊದಿಕೆ ಹಾಕುವ ಮೊದಲು ಪೈಪ್ ಒಳಗೆ ದಾರಿ ತೆರೆದಿದೆಯಾ ನೋಡಿ. ವರ್ಷಗಟ್ಟಲೆ ನಿಂತ ವ್ಯಾನಿನಲ್ಲಿ ಇಲಿಗಳು ಈ ಪೈಪಿನೊಳಗೆ ಗೂಡು ಕಟ್ಟಿರುವುದು ಮಾಮೂಲು. ಹುಲ್ಲು, ಸೀಟಿನ ಸ್ಪಂಜು, ಬಟ್ಟೆ ಚೂರು ಎಲ್ಲ ಸಿಗುತ್ತದೆ. ಅದರ ಮೇಲೆ ಬಿಸಿ ಗಾಳಿ ಹರಿದರೆ ದುರ್ವಾಸನೆ ಮಾತ್ರವಲ್ಲ, ಬೆಂಕಿಯ ಭಯವೂ ಇದೆ. ಎರಡೂ ತುದಿ ಬಿಚ್ಚಿ, ಪೈಪ್ ಬ್ರಷ್ ಹಾಯಿಸಿ, ವ್ಯಾಕ್ಯೂಮ್ ಹಿಡಿದು ಪೂರ್ತಿ ಖಾಲಿ ಮಾಡಿ.

ಹೊದಿಕೆಗೆ ನೀರು ಹೀರುವ ವಸ್ತು ಬೇಡ. ಸಾದಾ ಸ್ಪಂಜು ಸುತ್ತಿದರೆ ರಸ್ತೆಯ ನೀರು ಹೀರಿಕೊಂಡು, ಪೈಪಿಗೆ ಸದಾ ಒದ್ದೆ ಬಟ್ಟೆ ಸುತ್ತಿದಂತಾಗಿ, ಕೆಲವೇ ವರ್ಷದಲ್ಲಿ ತುಕ್ಕು ತಿನ್ನುತ್ತದೆ. ಎಂಜಿನ್‌ಗೆ ಹತ್ತಿರದ ಭಾಗಕ್ಕೆ ಗಾಜಿನ ನಾರು ಅಥವಾ ಸೆರಾಮಿಕ್ ನಾರಿನ ಪಟ್ಟಿ, ಅದರ ಮೇಲೆ ಅಲ್ಯೂಮಿನಿಯಂ ಟೇಪ್. ಮುಂದೆ ಬಿಸಿ ಕಡಿಮೆಯಾದ ಕಡೆ ನೀರು ಹೀರದ, ಶಾಖ ತಾಳುವ ಮುಚ್ಚಿದ ರಂಧ್ರಗಳ ಫೋಮ್ ನಡೆಯುತ್ತದೆ. ಎಲ್ಲದರ ಹೊರಗೆ ಕಲ್ಲೇಟು ತಡೆಯುವ ಒಂದು ಕವಚ. ಜಾಯಿಂಟ್‌ಗಳಲ್ಲಿ ಇರುವ ರಬ್ಬರ್ ಬೆಲ್ಲೋಗಳನ್ನು ಕೈಯಿಂದ ಹಿಗ್ಗಿಸಿ ನೋಡಿ. ಮಡಿಕೆಗಳೊಳಗೆ ಬಿರುಕು ಅಡಗಿರುತ್ತದೆ.

ಮುಂದಿನ ಗಾಜಿಗೆ ಹೋಗುವ ಸಣ್ಣ ಹೋಸ್‌ಗಳು ಡ್ಯಾಶ್‌ಬೋರ್ಡಿನ ಹಿಂದೆ ಕಳಚಿ ಬಿದ್ದಿರುವುದು ಸಾಮಾನ್ಯ. ಕೈ ತೂರಿಸಿ ಮತ್ತೆ ಸಿಕ್ಕಿಸಿದರೆ ಆಯಿತು.

ಅಳತೆ ಮಾಡಿ ನೋಡುವುದು

ಕೆಲಸ ಮುಗಿಯಿತೋ ಇಲ್ಲವೋ ಅಂತ ಊಹೆಯಿಂದ ಹೇಳಬಾರದು. ಒಂದು ಸಾದಾ ಡಿಜಿಟಲ್ ಥರ್ಮಾಮೀಟರ್ ಸಾಕು. ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿ ಬಂದ ಮೇಲೆ, ವ್ಯಾನನ್ನು ಬಯಲಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಅಡೆ ಕೊಟ್ಟು, ಒಬ್ಬರು ಎಂಜಿನ್ ವೇಗವನ್ನು ಒಂದೇ ಮಟ್ಟದಲ್ಲಿ ಹಿಡಿದಿರಲಿ. ಹಿಂದಿನ ಸೀಟಿನ ಬಳಿಯ ಕಿಂಡಿಯಲ್ಲಿ ಒಮ್ಮೆ, ಚಾಲಕನ ಕಾಲ ಬಳಿ ಒಮ್ಮೆ, ಗಾಜಿನ ಕಿಂಡಿಯಲ್ಲಿ ಒಮ್ಮೆ ಅಳೆಯಿರಿ. ಎಲ್ಲಿಂದ ಎಲ್ಲಿಗೆ ಹೋಗುವಾಗ ಬಿಸಿ ದಿಢೀರನೆ ಬೀಳುತ್ತದೋ ಸೋರಿಕೆ ಆ ನಡುವೆ ಇದೆ. ಗಾಳಿ ಬಿಸಿಯಾಗಿದೆ ಆದರೆ ಜೋರಿಲ್ಲ ಅಂದರೆ ದಾರಿ ಕಟ್ಟಿದೆ ಅಥವಾ ಹೋಸ್ ಬಿಚ್ಚಿದೆ. ಜೋರಾಗಿದೆ ಆದರೆ ತಣ್ಣಗಿದೆ ಅಂದರೆ ಬಾಕ್ಸ್ ಅಥವಾ ಹೊದಿಕೆಯ ತೊಂದರೆ. ಕಿಂಡಿಯ ಮುಂದೆ ಒಂದು ತೆಳು ಕಾಗದ ಹಿಡಿದರೆ ಜೋರು ಎಷ್ಟಿದೆ ಅಂತ ಕಾಣುತ್ತದೆ.

ಓಡಿಸುವಾಗ ಒಂದು ಕಿಟಕಿಯನ್ನು ಬೆರಳಷ್ಟು ತೆರೆದಿಡಿ. ವಿಚಿತ್ರ ಅನ್ನಿಸಬಹುದು, ಅಲ್ವಾ? ಒಳಗಿನ ಗಾಳಿ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಹೊಸ ಬಿಸಿ ಗಾಳಿಗೆ ಒಳಬರಲು ಜಾಗ ಇರುವುದಿಲ್ಲ. ಈ ಫ್ಯಾನಿನ ಒತ್ತಡ ಅಷ್ಟೇನೂ ದೊಡ್ಡದಲ್ಲ. ಸಣ್ಣ ಸಂದು ಬಿಟ್ಟರೆ ಬಿಸಿ ಗಾಳಿಯ ಹರಿವು ಹೆಚ್ಚುತ್ತದೆ, ಗಾಜಿನ ಮಂಜೂ ಬೇಗ ಹೋಗುತ್ತದೆ.

ಬೂಸ್ಟರ್ ಫ್ಯಾನ್, ಪೆಟ್ರೋಲ್ ಹೀಟರ್

ದಾರಿಯ ನಡುವೆ 12 ವೋಲ್ಟ್‌ನ ಬೂಸ್ಟರ್ ಫ್ಯಾನ್ ಹಾಕುವವರಿದ್ದಾರೆ. ಟೈಪ್ 4 ಎಂಜಿನ್ನಿನ ವ್ಯಾನ್‌ಗಳಲ್ಲಿ ಕಂಪನಿಯೇ ವಿದ್ಯುತ್ ಬ್ಲೋವರ್ ಕೊಡುತ್ತಿತ್ತು. ನಿಂತಿದ್ದಾಗ, ನಿಧಾನವಾಗಿ ಹೋಗುವಾಗ ಅದು ಖಂಡಿತ ಸಹಾಯ ಮಾಡುತ್ತದೆ. ಆದರೆ ಸೋರಿಕೆ ಮುಚ್ಚದೆ ಫ್ಯಾನ್ ಹಾಕುವುದು ತೂತು ಬಿದ್ದ ಕೊಡಕ್ಕೆ ಜಾಸ್ತಿ ನೀರು ಸುರಿದಂತೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಕೆಲವು ವ್ಯಾನ್‌ಗಳಲ್ಲಿ ಎಬರ್‌ಸ್ಪೆಖರ್ ಕಂಪನಿಯ ಪೆಟ್ರೋಲ್ ಹೀಟರ್ ಇರುತ್ತದೆ. ಬೇ ವಿಂಡೋ ಕಾಲದಲ್ಲಿ ಬಿಎನ್4, ಬಿಎ6 ಮಾದರಿಗಳು ಬಂದವು. ಅದು ಎಂಜಿನ್ ಮೇಲೆ ಅವಲಂಬಿಸದೆ ತನ್ನೊಳಗಿನ ಪುಟ್ಟ ಒಲೆಯಲ್ಲಿ ಪೆಟ್ರೋಲ್ ಸುಡುತ್ತದೆ. ಒಂದು ಪ್ಲಗ್ ಅದನ್ನು ಹೊತ್ತಿಸುತ್ತದೆ, ಒಂದು ಬ್ಲೋವರ್ ಒಲೆಗೂ ಕೋಣೆಗೂ ಬೇರೆ ಬೇರೆ ಗಾಳಿ ಕೊಡುತ್ತದೆ. ಸರಿಯಾಗಿದ್ದರೆ ಅದ್ಭುತವಾಗಿ ಬಿಸಿ ಮಾಡುತ್ತದೆ. ಆದರೆ ಇಲ್ಲೂ ಹೊಗೆ ಮತ್ತು ಉಸಿರಿನ ಗಾಳಿಯ ನಡುವೆ ಒಂದೇ ಲೋಹದ ಗೋಡೆ. ಜೊತೆಗೆ ಪೆಟ್ರೋಲ್ ಪೈಪ್, ಪಂಪ್, ಬೆಂಕಿ. ವರ್ಷಗಟ್ಟಲೆ ಉರಿಸದ ಇಂಥ ಹೀಟರನ್ನು ‘ನೋಡೋಣ’ ಅಂತ ಸ್ವಿಚ್ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಬಿಚ್ಚಿ, ಅದನ್ನು ಬಲ್ಲವರ ಕೈಯಲ್ಲಿ ಒತ್ತಡ ಪರೀಕ್ಷೆ ಮಾಡಿಸಿ, ಅತಿ ಬಿಸಿಯಾದಾಗ ನಿಲ್ಲಿಸುವ ಸ್ವಿಚ್ ಕೆಲಸ ಮಾಡುತ್ತಿದೆ ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ ಹಚ್ಚಿ. ಬಂದ್ ಮಾಡಿದ ಮೇಲೂ ಒಲೆ ತಣಿಯುವವರೆಗೆ ಬ್ಲೋವರ್ ತಿರುಗುತ್ತಿರುತ್ತದೆ. ಅದು ನಿಲ್ಲುವ ಮೊದಲು ಬ್ಯಾಟರಿ ಸ್ವಿಚ್ ತೆಗೆಯಬಾರದು.

ಎಲ್ಲ ಜೋಡಿಸಿ ಮೊದಲ ಸಲ ಎಂಜಿನ್ ಶುರು ಮಾಡುವಾಗ ವ್ಯಾನ್ ಹೊರಗೆ ಬಯಲಿನಲ್ಲಿರಲಿ, ಬಾಗಿಲು ಕಿಟಕಿ ತೆರೆದಿರಲಿ. ಬಾಕ್ಸ್‌ಗೆ ಬಳಿದ ಬಣ್ಣ, ಕೈಯ ಎಣ್ಣೆ ಕಲೆ, ಹೊಸ ಹೋಸ್‌ನ ಲೇಪ ಸುಟ್ಟು ಸ್ವಲ್ಪ ಹೊತ್ತು ಹೊಗೆ ಬರುತ್ತದೆ. ಒಂದೆರಡು ಓಟದಲ್ಲಿ ಅದು ನಿಲ್ಲಬೇಕು. ನಿಲ್ಲದಿದ್ದರೆ ಎಣ್ಣೆ ಸೋರಿಕೆಯನ್ನು ಮತ್ತೆ ಹುಡುಕಿ. ಎಂಜಿನ್ ಕೆಲವು ಸಲ ಕಾದು ತಣಿದ ಮೇಲೆ ಬಾಕ್ಸನ್ನು ಹೆಡ್‌ಗೆ ಹಿಡಿದಿರುವ ನಟ್‌ಗಳನ್ನು ತಣ್ಣಗಿರುವಾಗ ಇನ್ನೊಮ್ಮೆ ನೋಡಿ, ಹೊಸ ಗ್ಯಾಸ್ಕೆಟ್ ಕೂತುಕೊಂಡು ಸ್ವಲ್ಪ ಸಡಿಲವಾಗಿರುತ್ತದೆ. ಅಲಾರಂ ಅನ್ನು ಗಾಳಿ ಕಿಂಡಿಯ ಎದುರಿಗೇ ಇಡದೆ, ಕೂತವರ ತಲೆಯ ಮಟ್ಟದ ಹತ್ತಿರ, ತಯಾರಕರು ಹೇಳಿದ ರೀತಿಯಲ್ಲಿ ಹಾಕಿ, ಪರೀಕ್ಷೆಯ ಬಟನ್ ಒತ್ತಿ ನೋಡಿ. ಆಮೇಲೆ ಹೀಟರ್ ಪೂರ್ತಿ ತೆರೆದು, ಚಳಿ ಇರುವ ಬೆಳಿಗ್ಗೆ ದೂರಕ್ಕೆ ಓಡಿಸಿ.